ಭೌತಶಾಸ್ತ್ರದಲ್ಲಿ ಒಂಬೈನೂರು, ವೈದ್ಯಕೀಯದಲ್ಲಿ ನಲವತ್ತು: ಒಂದು ನೇಮಕಾತಿ ಪ್ರಕರಣದ ಅಧ್ಯಯನ

ಹಿನ್ನೆಲೆ

ಭೌತಶಾಸ್ತ್ರ ವಿಭಾಗ ಮತ್ತು ವೈದ್ಯಕೀಯ ಕಾಲೇಜು ಎರಡೂ ಇರುವ ವಿಶ್ವವಿದ್ಯಾಲಯವೊಂದು, ಎರಡೂ ಕಡೆ ಬೋಧನೆ ಮತ್ತು ಸಂಶೋಧನೆಯ ಹೊಣೆ ಹೊರಬೇಕಾದ ಪ್ರಾಧ್ಯಾಪಕ ಹುದ್ದೆಯೊಂದಕ್ಕೆ ಅರ್ಜಿ ಕರೆದಿತ್ತು. ಕೊನೆಯ ಸುತ್ತಿಗೆ ಉಳಿದವರಲ್ಲಿ ಒಬ್ಬರ ಪ್ರಕಟಣಾ ದಾಖಲೆಯನ್ನು ಹೇಗೆ ಓದಬೇಕೆಂಬುದರ ಬಗ್ಗೆ ಆಯ್ಕೆ ಸಮಿತಿಯಲ್ಲಿ ಎದ್ದ ಭಿನ್ನಾಭಿಪ್ರಾಯವೇ ಈ ಅಧ್ಯಯನದ ವಸ್ತು. ಸಮಿತಿಗೆ ಪ್ರಕಟಣೆಗಳ ಮತ್ತು ಉಲ್ಲೇಖಗಳ (ಇತರ ಪ್ರಬಂಧಗಳು ಅವನ್ನು ಹೆಸರಿಸಿದ ಲೆಕ್ಕದ) ವರದಿಯನ್ನು ಸಿದ್ಧಪಡಿಸಿ ಕೊಡುವ ಕೆಲಸ ನನ್ನದಾಗಿತ್ತು. ಮತ ಹಾಕುವ ಹಕ್ಕು ನನಗಿರಲಿಲ್ಲ. ಅಭ್ಯರ್ಥಿಯ, ಸಂಸ್ಥೆಯ ಮತ್ತು ಪ್ರಯೋಗದ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ, ಅಂಕಿಗಳನ್ನು ಸ್ಥೂಲಗೊಳಿಸಿದ್ದೇನೆ. ಅವುಗಳ ನಡುವಿನ ಅನುಪಾತವನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ.

ಅಭ್ಯರ್ಥಿ ಸಂಶೋಧನೆ ಆರಂಭಿಸಿದ್ದು ಕಣ ಭೌತಶಾಸ್ತ್ರದಲ್ಲಿ. ಕಣಗಳನ್ನು ಪರಸ್ಪರ ಡಿಕ್ಕಿ ಹೊಡೆಸುವ ಯಂತ್ರವಾದ ಕೊಲೈಡರ್‌ನ ದೊಡ್ಡ ಪ್ರಯೋಗವೊಂದರಲ್ಲಿ, ಡಿಕ್ಕಿಯಿಂದ ಹೊರಬರುವ ಫೋಟಾನ್ ಮತ್ತು ಎಲೆಕ್ಟ್ರಾನ್‌ಗಳ ಶಕ್ತಿಯನ್ನು ಅಳೆಯುವ ಹರಳುಗಳ ಕ್ಯಾಲಿಬ್ರೇಷನ್ ಅವರ ಪಾಲಿನ ಕೆಲಸವಾಗಿತ್ತು. ವಿಕಿರಣದ ಹೊಡೆತಕ್ಕೆ ಹರಳುಗಳ ಪಾರದರ್ಶಕತೆ ಕುಗ್ಗುತ್ತ ಹೋಗುತ್ತದೆ. ಹಾಗೆ ಕುಗ್ಗಿದ್ದೆಷ್ಟು ಎಂಬುದನ್ನು ಆಗಾಗ ಅಳೆದು, ಶಕ್ತಿಯ ಲೆಕ್ಕವನ್ನು ಸರಿಪಡಿಸದಿದ್ದರೆ ಮುಂದಿನ ಯಾವ ವಿಶ್ಲೇಷಣೆಯೂ ನಿಲ್ಲುವುದಿಲ್ಲ. ಈ ಅನುಭವವೇ ಅವರನ್ನು ದೇಹದೊಳಗಿನ ಚಿತ್ರ ತೆಗೆಯುವ ಪೆಟ್ ಸ್ಕ್ಯಾನರ್‌ಗಳತ್ತ ಒಯ್ದಿತು. ಪೆಟ್ ಸ್ಕ್ಯಾನರ್ ಎಂದರೂ ಹರಳುಗಳ ಬಳೆಯೇ: ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ) ಮತ್ತು ಎಲೆಕ್ಟ್ರಾನ್ ಪರಸ್ಪರ ಅಳಿದಾಗ ವಿರುದ್ಧ ದಿಕ್ಕುಗಳಿಗೆ ಚಿಮ್ಮುವ, ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಫೋಟಾನ್‌ಗಳನ್ನು ಅದು ಹಿಡಿಯುತ್ತದೆ. ಅಲ್ಲಿಂದ ಮುಂದೆ ಅವರು ಕ್ಯಾನ್ಸರ್ ಗಡ್ಡೆಗೆ ಪ್ರೋಟಾನ್‌ಗಳನ್ನು ಹಾಯಿಸುವ ಪ್ರೋಟಾನ್ ಚಿಕಿತ್ಸೆಗೆ ಹೊರಳಿದರು. ಪ್ರೋಟಾನ್ ಕಿರಣಪುಂಜ ದೇಹದೊಳಗೆ ಹಾಯುವಾಗ ಅಂಗಾಂಶದಲ್ಲಿ ಕಾರ್ಬನ್-11, ಆಕ್ಸಿಜನ್-15ರಂಥ ಪಾಸಿಟ್ರಾನ್ ಸೂಸುವ ಐಸೊಟೋಪುಗಳು ಅಲ್ಪ ಪ್ರಮಾಣದಲ್ಲಿ ಹುಟ್ಟುತ್ತವೆ. ಅವುಗಳ ಜಾಡು ಹಿಡಿದರೆ ಪುಂಜ ಎಷ್ಟು ಆಳಕ್ಕೆ ಹೋಗಿ ನಿಂತಿತೆಂಬುದನ್ನು ಊಹಿಸಬಹುದು. ಆದರೆ ಆಕ್ಸಿಜನ್-15ರ ಅರ್ಧಾಯುಷ್ಯ ಸುಮಾರು 2 ನಿಮಿಷ, ಕಾರ್ಬನ್-11ರದು ಸುಮಾರು 20 ನಿಮಿಷ. ಈ ಅವಸರದ ಅಳತೆಯನ್ನು ನಂಬುವಂತೆ ಮಾಡುವುದೇ ಅಭ್ಯರ್ಥಿಯ ಮುಖ್ಯ ಕೆಲಸವಾಯಿತು.

ಇಂಥ ದಾಟುವಿಕೆ ಹೊಸದೇನಲ್ಲ. ಪ್ರೋಟಾನ್‌ಗಳನ್ನು ಚಿಕಿತ್ಸೆಗೆ ಬಳಸಬಹುದೆಂದು 1946ರಲ್ಲೇ ವಿಕಿರಣಶಾಸ್ತ್ರದ ಜರ್ನಲ್ ಒಂದರಲ್ಲಿ ಬರೆದ ರಾಬರ್ಟ್ ವಿಲ್ಸನ್ ಭೌತವಿಜ್ಞಾನಿ. ಮುಂದೆ ಅಮೆರಿಕದ ಕಣ ಭೌತಶಾಸ್ತ್ರ ಪ್ರಯೋಗಾಲಯ ಫರ್ಮಿಲ್ಯಾಬ್‌ನ ಮೊದಲ ನಿರ್ದೇಶಕರಾದವರೂ ಅವರೇ. ಹೊಸದಾದದ್ದು, ಹೀಗೆ ದಾಟಿ ಬಂದವರನ್ನು ಒಂದು ಸಂಖ್ಯೆಯಿಂದ ಅಳೆಯಬೇಕಾಗಿ ಬಂದಿರುವುದು.

ಸಮಸ್ಯೆ ಎದ್ದದ್ದೆಲ್ಲಿ

ಅರ್ಜಿಯ ಜೊತೆಗಿದ್ದ ಪಟ್ಟಿಯಲ್ಲಿ ಸುಮಾರು 950 ಪ್ರಬಂಧಗಳಿದ್ದವು. ಅವುಗಳಲ್ಲಿ 900ರಷ್ಟು ಕೊಲೈಡರ್ ಪ್ರಯೋಗದ ಸಾಮೂಹಿಕ ಪ್ರಬಂಧಗಳು. ಒಂದೊಂದರಲ್ಲೂ ಸರಿಸುಮಾರು 3000 ಲೇಖಕರು, ಹೆಸರುಗಳು ಅಕಾರಾದಿಯಲ್ಲಿ. ಮಿಕ್ಕವುಗಳಲ್ಲಿ ಹತ್ತರಷ್ಟು ಉಪಕರಣ ಭೌತಶಾಸ್ತ್ರಕ್ಕೆ, ನಲವತ್ತರಷ್ಟು ವೈದ್ಯಕೀಯ ಚಿತ್ರಣ ಮತ್ತು ವಿಕಿರಣ ಚಿಕಿತ್ಸೆಗೆ ಸೇರಿದವು. ಎಲ್ಲವನ್ನೂ ಕೂಡಿಸಿದ ಎಚ್-ಸೂಚ್ಯಂಕ 120ರ ಆಸುಪಾಸು. ಅಂದರೆ ಅಭ್ಯರ್ಥಿಯ ಹೆಸರಿರುವ 120 ಪ್ರಬಂಧಗಳು ತಲಾ ಕನಿಷ್ಠ 120 ಬಾರಿ ಉಲ್ಲೇಖಗೊಂಡಿವೆ ಎಂದರ್ಥ.

ಈ ಸಂಖ್ಯೆ ಸಮಿತಿಯ ಮೇಜಿನ ಮೇಲೆ ಬಂದಾಗ ನಡೆದದ್ದು ನನಗೆ ಕುತೂಹಲಕರವಾಗಿ ಕಂಡಿತು. ಬೆರಗಾದವರು ವೈದ್ಯರು, ಭುಜ ಕುಣಿಸಿದವರು ಭೌತವಿಜ್ಞಾನಿಗಳು. ವೈದ್ಯಕೀಯ ಸದಸ್ಯರಲ್ಲಿ ಒಬ್ಬರು, ತಮ್ಮ ಕ್ಷೇತ್ರದಲ್ಲಿ ಇಂಥ ಸೂಚ್ಯಂಕ ಬೆರಳೆಣಿಕೆಯ ಹಿರಿಯರಿಗಷ್ಟೇ ಇರುವಂಥದು, ಇನ್ನೂ ಚರ್ಚೆ ಏಕೆ ಎಂದು ಕೇಳಿದರು. ಭೌತಶಾಸ್ತ್ರದ ಹಿರಿಯ ಸದಸ್ಯರು, ಆ ಪ್ರಯೋಗದಲ್ಲಿ ಅಷ್ಟೇ ಕಾಲ ಇದ್ದ ಯಾರನ್ನು ಕರೆತಂದು ಕೂರಿಸಿದರೂ ಹೆಚ್ಚುಕಡಿಮೆ ಇದೇ ಸಂಖ್ಯೆ ಬರುತ್ತದೆ ಎಂದರು. ಇಬ್ಬರೂ ತಮ್ಮ ಕ್ಷೇತ್ರದ ರೂಢಿಯಿಂದ ಮಾತಾಡುತ್ತಿದ್ದರು, ಇಬ್ಬರ ಮಾತೂ ಸುಳ್ಳಾಗಿರಲಿಲ್ಲ.

ಎಚ್-ಸೂಚ್ಯಂಕವನ್ನು 2005ರಲ್ಲಿ ಮುಂದಿಟ್ಟ ಹೋರ್ಹೆ ಹಿರ್ಶ್ ಸ್ವತಃ ಭೌತವಿಜ್ಞಾನಿ. ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳಲ್ಲಿ ಭೌತಶಾಸ್ತ್ರದ ಸಹ ಪ್ರಾಧ್ಯಾಪಕರಿಗೆ 12, ಪ್ರಾಧ್ಯಾಪಕರಿಗೆ 18ರ ಆಸುಪಾಸು ಸಹಜವಾಗಬಹುದೆಂದು ಅವರು ಆಗ ಸೂಚಿಸಿದ್ದರು. ಜೀವವಿಜ್ಞಾನಗಳಲ್ಲಿ ಈ ಸಂಖ್ಯೆ ಭೌತಶಾಸ್ತ್ರಕ್ಕಿಂತ ದೊಡ್ಡದಾಗಿರುತ್ತದೆ, ಅಧಿಕ ಶಕ್ತಿಯ ಪ್ರಾಯೋಗಿಕ ಭೌತಶಾಸ್ತ್ರದಂಥ ದೊಡ್ಡ ಬಳಗಗಳ ಕ್ಷೇತ್ರಗಳಲ್ಲಿ ಅದು ಉಬ್ಬುತ್ತದೆ ಎಂಬ ಎಚ್ಚರಿಕೆಯನ್ನೂ ಅದೇ ಪ್ರಬಂಧದಲ್ಲಿ ಕೊಟ್ಟಿದ್ದರು. ಸೂಚ್ಯಂಕ ಎಲ್ಲೆಡೆ ಹಬ್ಬಿತು. ಎಚ್ಚರಿಕೆ ಅಷ್ಟು ದೂರ ಹೋಗಲಿಲ್ಲ.

ಸಮಸ್ಯೆಯ ಬೇರು ಲೇಖಕತ್ವದ ನಿಯಮಗಳಲ್ಲಿತ್ತು. ಕೊಲೈಡರ್ ಪ್ರಯೋಗಗಳಲ್ಲಿ ಲೇಖಕನಾಗುವುದು ಒಂದು ಪ್ರಬಂಧಕ್ಕಲ್ಲ, ಇಡೀ ಪ್ರಯೋಗಕ್ಕೆ. ನಿಗದಿತ ಸೇವಾ ಕೆಲಸವನ್ನು ಮಾಡಿ ಅರ್ಹತೆ ಪಡೆದವರ ಹೆಸರು, ಅವರು ಆ ವಿಶ್ಲೇಷಣೆಯನ್ನು ಮುಟ್ಟಿರಲಿ ಬಿಡಲಿ, ಹೊರಬರುವ ಎಲ್ಲ ಪ್ರಬಂಧಗಳಲ್ಲೂ ಇರುತ್ತದೆ. ಪ್ರಯೋಗ ಬಿಟ್ಟ ಮೇಲೂ ಸ್ವಲ್ಪ ಕಾಲ ಉಳಿಯುತ್ತದೆ. ಯಂತ್ರ ಕಟ್ಟಿದವರು, ಹರಳು ಸರಿಪಡಿಸಿದವರು, ರಾತ್ರಿ ಪಾಳಿಯಲ್ಲಿ ದತ್ತಾಂಶ ಕಾದವರು ಇಲ್ಲದೆ ಯಾವ ಫಲಿತಾಂಶವೂ ಇಲ್ಲವೆಂಬುದು ಇದರ ಹಿಂದಿನ ನ್ಯಾಯ. ಹಿಗ್ಸ್ ಬೋಸಾನ್ ಎಂಬ ಮೂಲಕಣದ ದ್ರವ್ಯರಾಶಿಯ ಬಗ್ಗೆ ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡು ಕೊಲೈಡರ್ ಪ್ರಯೋಗಗಳು ಕೂಡಿ 2015ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 5154 ಲೇಖಕರಿದ್ದರು. 33 ಪುಟಗಳಲ್ಲಿ 24 ಪುಟಗಳು ಅವರ ಮತ್ತು ಅವರ ಸಂಸ್ಥೆಗಳ ಹೆಸರಿಗೇ ಹೋದವು.

ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯ ನಿಯಮ ಬೇರೆ. ಕಲ್ಪನೆ, ವಿನ್ಯಾಸ, ದತ್ತಾಂಶ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಕೊಡುಗೆ, ಬರವಣಿಗೆಯಲ್ಲಿ ಅಥವಾ ಅದರ ಪರಿಷ್ಕರಣೆಯಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಉತ್ತರದಾಯಿತ್ವ ಎಂಬ ನಾಲ್ಕೂ ಷರತ್ತುಗಳನ್ನು ಒಟ್ಟಿಗೆ ಪೂರೈಸಿದವರಷ್ಟೇ ಲೇಖಕರು, ಉಳಿದವರಿಗೆ ಕೃತಜ್ಞತೆ. ಜೊತೆಗೆ, ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯ ಹೆಸರು ಮಾರ್ಗದರ್ಶಕರದು ಎಂಬ ರೂಢಿಯೂ ಇದೆ. ಈ ವ್ಯತ್ಯಾಸ ನಮ್ಮ ಅಭ್ಯರ್ಥಿಯನ್ನು ಎರಡೂ ಕಡೆಯಿಂದ ಹಿಡಿದಿತ್ತು. ಬಹುಕೇಂದ್ರ ಚಿಕಿತ್ಸಾ ಪ್ರಯೋಗವೊಂದರಲ್ಲಿ ಭಾಗವಹಿಸಿದ ಎಲ್ಲ ಆಸ್ಪತ್ರೆಗಳ ವಿಕಿರಣ ಪ್ರಮಾಣದ ಲೆಕ್ಕವನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಹೊಣೆ ಅವರದಾಗಿತ್ತು. ವೈದ್ಯಕೀಯ ಪ್ರಬಂಧಗಳ ದತ್ತಸಂಚಯವಾದ ಪಬ್‌ಮೆಡ್‌ನಲ್ಲಿ ಆ ಪ್ರಯೋಗದ ಪ್ರಬಂಧದ ದಾಖಲೆಯಲ್ಲಿ ಅವರ ಹೆಸರು ಲೇಖಕರ ಸಾಲಿನಲ್ಲಿಲ್ಲ, ಅದರ ಕೆಳಗಿನ ಸಹಯೋಗಿಗಳ ಪಟ್ಟಿಯಲ್ಲಿದೆ. ಆ ಪ್ರಬಂಧಕ್ಕೆ ಬಂದ ಉಲ್ಲೇಖಗಳಲ್ಲಿ ಒಂದೂ ಅವರ ಲೆಕ್ಕಕ್ಕೆ ಬರುವುದಿಲ್ಲ. ಅದೇ ಬಗೆಯ ಪರಿಶೀಲನಾ ಕೆಲಸವನ್ನು ಕೊಲೈಡರ್‌ನಲ್ಲಿ ಮಾಡಿದ್ದಕ್ಕೆ ನೂರಾರು ಪ್ರಬಂಧಗಳು ಅವರ ಖಾತೆಯಲ್ಲಿವೆ.

ಮೊದಲ ಕೆಲಸ: ಪಟ್ಟಿಯನ್ನು ಹಸನು ಮಾಡುವುದು

ವಾದಕ್ಕಿಳಿಯುವ ಮುನ್ನ ಪಟ್ಟಿಯೇ ಸರಿಯಿದೆಯೇ ಎಂದು ನೋಡಬೇಕಿತ್ತು. ಕಣ ಭೌತಶಾಸ್ತ್ರದ ಪ್ರಬಂಧಗಳಿಗೆ ಇನ್‌ಸ್ಪೈರ್ ದತ್ತಸಂಚಯ ಬಹಳ ವಿಶ್ವಾಸಾರ್ಹ, ಆದರೆ ಅದರ ಕಣ್ಣಿಗೆ ವೈದ್ಯಕೀಯ ಬೀಳುವುದಿಲ್ಲ. ಪಬ್‌ಮೆಡ್‌ನಲ್ಲಿ ಭೌತಶಾಸ್ತ್ರದ ಬಹುಭಾಗ ಇಲ್ಲ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ದತ್ತಸಂಚಯಗಳು ಎರಡೂ ಕ್ಷೇತ್ರಗಳನ್ನು ಒಳಗೊಳ್ಳುತ್ತವೆ, ಆದರೆ ಲೇಖಕರನ್ನು ಗುರುತಿಸುವ ಕೆಲಸವನ್ನು ಬಹುಮಟ್ಟಿಗೆ ಯಂತ್ರಕ್ಕೆ ಬಿಟ್ಟಿವೆ. ಗೂಗಲ್ ಸ್ಕಾಲರ್ ಪ್ರೌಢಪ್ರಬಂಧ, ವರದಿ, ಮುದ್ರಣಪೂರ್ವ ಪ್ರತಿ ಎಲ್ಲವನ್ನೂ ಬಾಚಿಕೊಳ್ಳುವುದರಿಂದ ಒಂದೇ ಪ್ರಬಂಧಕ್ಕೆ ಅಲ್ಲಿ ಕಾಣುವ ಉಲ್ಲೇಖಗಳ ಸಂಖ್ಯೆ ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡದು.

ಅಭ್ಯರ್ಥಿಯ ಹೆಸರು ಕುಲನಾಮ ಮತ್ತು ಒಂದೇ ಮೊದಲಕ್ಷರದ ರೂಪದಲ್ಲಿ ಅಚ್ಚಾಗುತ್ತಿದ್ದುದರಿಂದ, ಯಂತ್ರ ಕಟ್ಟಿದ ಖಾತೆಯೊಳಗೆ ವಸಡಿನ ಸೋಂಕಿನ ಬಗೆಗಿನ ಒಂದಷ್ಟು ಪ್ರಬಂಧಗಳೂ ಸೊಂಟದ ಮೂಳೆ ಮುರಿತದ ಬಗೆಗಿನ ಒಂದು ಪ್ರಬಂಧವೂ ಸೇರಿಕೊಂಡಿದ್ದವು. ಅದೇ ಹೆಸರಿನ ದಂತವೈದ್ಯರೊಬ್ಬರು ಅರಿವಿಲ್ಲದೆಯೇ ನಮ್ಮ ಅಭ್ಯರ್ಥಿಗೆ ನೆರವಾಗಿದ್ದರು. ಇನ್ನೊಂದು ಕಡೆ, ಉಪಕರಣ ಭೌತಶಾಸ್ತ್ರದ ಎರಡು ಪ್ರಬಂಧಗಳು ಹೆಸರಿನ ನಡುವೆ ಅಡ್ಡಗೆರೆ ಬಿದ್ದ ಕಾರಣಕ್ಕೆ ಬೇರೊಂದು ಖಾತೆಯಲ್ಲಿ ಅನಾಥವಾಗಿ ಬಿದ್ದಿದ್ದವು. ಸಂಶೋಧಕರೊಬ್ಬೊಬ್ಬರಿಗೂ ಪ್ರತ್ಯೇಕವಾಗಿರುವ, 2012ರಲ್ಲಿ ಬಳಕೆಗೆ ಬಂದ 16 ಅಂಕಿಗಳ ಆರ್ಕಿಡ್ ಗುರುತು ಇಂಥ ಗೋಜಲನ್ನು ಬಿಡಿಸಲೆಂದೇ ಇದೆ, ಆದರೆ ಅಭ್ಯರ್ಥಿಯ ಹಳೆಯ ಪ್ರಬಂಧಗಳಿಗೆ ಅದನ್ನು ಯಾರೂ ಜೋಡಿಸಿರಲಿಲ್ಲ. ಪಟ್ಟಿಯನ್ನು ಅಭ್ಯರ್ಥಿಗೇ ಕಳುಹಿಸಿ, ಪ್ರತಿ ಸಾಲನ್ನೂ ಒಪ್ಪುವ ಅಥವಾ ತಿರಸ್ಕರಿಸುವ ಅವಕಾಶ ಕೊಟ್ಟೆವು. ದಂತವೈದ್ಯರ ಪ್ರಬಂಧಗಳನ್ನು ಮೊದಲು ಹೊಡೆದುಹಾಕಿದವರು ಅಭ್ಯರ್ಥಿಯೇ.

ಕಳೆಯುವ ಲೆಕ್ಕ ಮತ್ತು ಭಾಗಿಸುವ ಲೆಕ್ಕ

ಭೌತಶಾಸ್ತ್ರದ ಸದಸ್ಯರು ಸೂಚಿಸಿದ ಪರಿಹಾರ ಸರಳವಾಗಿತ್ತು: ಸಾಮೂಹಿಕ ಪ್ರಬಂಧಗಳನ್ನೆಲ್ಲ ತೆಗೆದುಬಿಡಿ. ತೆಗೆದೆವು. 120 ಇದ್ದ ಸೂಚ್ಯಂಕ 19ಕ್ಕೆ ಇಳಿಯಿತು. ಈಗ ಕೋಣೆಯ ಗಾಳಿ ಪೂರ್ತಿ ತಿರುಗಿತು. ಮೊದಲು ಬೆರಗಾಗಿದ್ದ ವೈದ್ಯರೇ, ನಮ್ಮ ಇತರ ಅಭ್ಯರ್ಥಿಗಳ ಸೂಚ್ಯಂಕ ಇದರ ಎರಡರಷ್ಟಿದೆ ಎಂದರು. ಅಭ್ಯರ್ಥಿಯ ಬದುಕಿನ ಹತ್ತಾರು ವರ್ಷಗಳ ಕೆಲಸ ಒಂದು ಫಿಲ್ಟರ್ ಒತ್ತಿದ ಮಾತ್ರಕ್ಕೆ ಇಲ್ಲವಾಗಿತ್ತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಎರಡನೆಯ ಪ್ರಯತ್ನವಾಗಿ, ಪ್ರತಿ ಪ್ರಬಂಧದ ಶ್ರೇಯಸ್ಸನ್ನು ಲೇಖಕರ ಸಂಖ್ಯೆಯಿಂದ ಭಾಗಿಸಿ ನೋಡಿದೆವು. ಇದು ಕಾಗದದ ಮೇಲೆ ನ್ಯಾಯವಾಗಿ ಕಾಣುತ್ತದೆ. 900 ಪ್ರಬಂಧಗಳನ್ನು 3000ದಿಂದ ಭಾಗಿಸಿದರೆ 0.3. ಅಂದರೆ ಕೊಲೈಡರ್‌ನಲ್ಲಿ ಕಳೆದ ಅಷ್ಟೂ ಕಾಲದ ಬೆಲೆ ಒಂದು ಪ್ರಬಂಧದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ! ಆದರೆ ಮೂವರು ಸೇರಿ ಬರೆದ ಒಂದು ಸಾಧಾರಣ ಪ್ರಕರಣ ವರದಿಗೂ ಈ ಲೆಕ್ಕದಲ್ಲಿ ಅದಕ್ಕಿಂತ ಹೆಚ್ಚು ಅಂಕ. 3000 ಜನರಲ್ಲಿ ಎಲ್ಲರ ಪಾಲೂ ಸಮಾನವೆಂದು ಊಹಿಸುವುದು, ಎಲ್ಲರಿಗೂ ಪೂರ್ತಿ ಪಾಲು ಕೊಡುವಷ್ಟೇ ಕಣ್ಣುಮುಚ್ಚಿದ ಕೆಲಸ. ಸಹಲೇಖಕರ ಸಂಖ್ಯೆಗೆ ತಕ್ಕಂತೆ ತಿದ್ದುವ ಹಲವು ಸೂಚ್ಯಂಕಗಳಿವೆ, ಕೆಲವು ಮೊದಲ ಮತ್ತು ಕೊನೆಯ ಸ್ಥಾನಕ್ಕೆ ಪ್ರತ್ಯೇಕ ತೂಕ ಕೊಡುತ್ತವೆ. ಅಕಾರಾದಿ ಪಟ್ಟಿಯ ಮುಂದೆ ಅವೂ ಕೈಚೆಲ್ಲುತ್ತವೆ, ಏಕೆಂದರೆ ಅಲ್ಲಿ ಮೊದಲ ಸ್ಥಾನ ಹೇಳುವುದು ಕುಲನಾಮದ ಮೊದಲ ಅಕ್ಷರವನ್ನಷ್ಟೇ.

ಕ್ಷೇತ್ರಕ್ಕೆ ತಕ್ಕ ಸರಾಸರಿ, ಮತ್ತು ಕ್ಷೇತ್ರ ಯಾವುದೆಂಬ ಪ್ರಶ್ನೆ

ಉಳಿದ 50 ಪ್ರಬಂಧಗಳಿಗಾದರೂ ನ್ಯಾಯವಾದ ಅಳತೆ ಬೇಕೆಂದು ಅಧ್ಯಕ್ಷರು ಕೇಳಿದರು. ಅವರು ಸಂಖ್ಯಾಶಾಸ್ತ್ರ ಬಲ್ಲವರು. ಕ್ಷೇತ್ರವಾರು ಸಮೀಕರಿಸಿದ ಉಲ್ಲೇಖದರವನ್ನು ಬಳಸಿ ಎಂದರು. ಒಂದು ಪ್ರಬಂಧಕ್ಕೆ ಬಂದ ಉಲ್ಲೇಖಗಳನ್ನು, ಅದೇ ಕ್ಷೇತ್ರದಲ್ಲಿ ಅದೇ ವರ್ಷ ಬಂದ ಅದೇ ಬಗೆಯ ಪ್ರಬಂಧಗಳ ಸರಾಸರಿಯಿಂದ ಭಾಗಿಸುವುದು ಇದರ ತಿರುಳು. ಫಲ 1 ಬಂದರೆ ಸರಾಸರಿ, 2 ಬಂದರೆ ಅದರ ಎರಡರಷ್ಟು. ವೈದ್ಯಕೀಯದಲ್ಲಿ ಪ್ರಬಂಧಗಳ ಸಂಖ್ಯೆಯೂ ಉಲ್ಲೇಖಗಳ ವೇಗವೂ ಹೆಚ್ಚು, ಉಪಕರಣ ಭೌತಶಾಸ್ತ್ರದಲ್ಲಿ ಕಡಿಮೆ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಗೆ ತರಲು ಇದಕ್ಕಿಂತ ಒಳ್ಳೆಯ ದಾರಿ ಮೇಲ್ನೋಟಕ್ಕೆ ಇಲ್ಲ.

ತೊಡಕು ಎದುರಾದದ್ದು ಕ್ಷೇತ್ರವನ್ನು ನಿರ್ಧರಿಸುವ ವಿಧಾನದಲ್ಲಿ. ನಾವು ಬಳಸಿದ ಅಳತೆಯಲ್ಲಿ ಪ್ರಬಂಧದ ಕ್ಷೇತ್ರ ಎಂದರೆ ಅದು ಅಚ್ಚಾದ ಜರ್ನಲ್ ಸೇರಿದ ವರ್ಗ. ವೈದ್ಯಕೀಯ ಭೌತಶಾಸ್ತ್ರದ ಮುಖ್ಯ ಜರ್ನಲ್‌ಗಳು ವೆಬ್ ಆಫ್ ಸೈನ್ಸ್‌ನಲ್ಲಿ ವಿಕಿರಣಶಾಸ್ತ್ರ ಮತ್ತು ವೈದ್ಯಕೀಯ ಚಿತ್ರಣದ ವರ್ಗದಲ್ಲಿವೆ. ಅಲ್ಲಿ ಅವು ಸಾವಿರಾರು ವೈದ್ಯರು ಓದುವ, ಉಲ್ಲೇಖಿಸುವ ಚಿಕಿತ್ಸಾ ಜರ್ನಲ್‌ಗಳ ಜೊತೆ ಸ್ಪರ್ಧಿಸಬೇಕು. ಅಭ್ಯರ್ಥಿಯ ಎರಡು ಪ್ರಬಂಧಗಳು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದ್ದವು. ಎರಡೂ ಒಂದೇ ಹರಳಿನ, ಒಂದೇ ಸಂವೇದಕದ ಬಗೆಗಿನವು, ಒಂದರ ಮುಂದುವರಿಕೆ ಇನ್ನೊಂದು, ಇಬ್ಬರೇ ಸಹಲೇಖಕರು, ಉಲ್ಲೇಖಗಳ ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ. ಉಪಕರಣಗಳ ಜರ್ನಲ್‌ನಲ್ಲಿ ಬಂದದ್ದು ಸರಾಸರಿಗಿಂತ ಬಹಳ ಮೇಲೆ ನಿಂತಿತು, ವೈದ್ಯಕೀಯ ಚಿತ್ರಣದ ಜರ್ನಲ್‌ನಲ್ಲಿ ಬಂದದ್ದು ಸರಾಸರಿಗಿಂತ ಕೆಳಗೆ ಬಿತ್ತು. ಈ ಎರಡು ಸಾಲುಗಳನ್ನು ಅಕ್ಕಪಕ್ಕ ಅಚ್ಚು ಮಾಡಿ ಸಮಿತಿಗೆ ಕೊಟ್ಟೆ. ಅಧ್ಯಕ್ಷರು ಬಹಳ ಹೊತ್ತು ನೋಡಿ, ಹಾಗಾದರೆ ನಾವು ಅಳೆಯುತ್ತಿರುವುದು ಲಕೋಟೆಯ ಮೇಲಿನ ವಿಳಾಸವನ್ನು ಎಂದರು. ಆ ಸಭೆಯಲ್ಲಿ ಕೇಳಿದ ಮಾತುಗಳಲ್ಲಿ ನಾನು ಬರೆದಿಟ್ಟುಕೊಂಡದ್ದು ಇದನ್ನೇ.

ಜರ್ನಲ್ ಎಂಬ ಮಾತು ಬಂದಾಗ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡ ಬಂತು. ಒಬ್ಬ ಸದಸ್ಯರು ಪ್ರತಿ ಪ್ರಬಂಧದ ಎದುರು ಆಯಾ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಬರೆದು ಕೂಡಿಸಿಕೊಂಡು ಬಂದಿದ್ದರು. ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳ ಸರಾಸರಿ ಅದು. ಜರ್ನಲ್ ಬಗ್ಗೆ ಏನಾದರೂ ಹೇಳೀತು, ಒಂದು ಪ್ರಬಂಧದ ಬಗ್ಗೆ ಹೇಳುವುದು ತೀರ ಕಡಿಮೆ. ಅದನ್ನು ವ್ಯಕ್ತಿಗಳ ಮೌಲ್ಯಮಾಪನಕ್ಕೆ ಬಳಸಬಾರದೆಂಬ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2013ರಲ್ಲೇ ಪ್ರಕಟವಾಯಿತು. ಈ ವಿಶ್ವವಿದ್ಯಾಲಯ ಅದಕ್ಕೆ ಸಹಿ ಹಾಕಿತ್ತು. ಅದರ ಅರ್ಜಿ ನಮೂನೆಯಲ್ಲಿ ಮಾತ್ರ ಇಂಪ್ಯಾಕ್ಟ್ ಫ್ಯಾಕ್ಟರ್ ಕೇಳುವ ಅಂಕಣ ಹಾಗೆಯೇ ಉಳಿದಿತ್ತು.

ತಿರುವು: ಐದು ಪ್ರಬಂಧಗಳು

ಎರಡು ಸಭೆಗಳು ಸಂಖ್ಯೆಗಳಲ್ಲೇ ಕಳೆದ ಮೇಲೆ, ವಿಕಿರಣ ಚಿಕಿತ್ಸಾ ತಜ್ಞೆಯಾಗಿದ್ದ ಸದಸ್ಯೆಯೊಬ್ಬರು, ಇಲ್ಲಿ ಯಾರಾದರೂ ಈ ಅಭ್ಯರ್ಥಿಯ ಒಂದಾದರೂ ಪ್ರಬಂಧವನ್ನು ಪೂರ್ತಿ ಓದಿದ್ದೀರಾ ಎಂದು ಕೇಳಿದರು. ಓದಿರಲಿಲ್ಲ. ಆಗ ಕೈಗೊಂಡ ತೀರ್ಮಾನವೇ ಪ್ರಕರಣದ ದಿಕ್ಕನ್ನು ಬದಲಿಸಿತು: ಕೊನೆಯ ಸುತ್ತಿನ ಎಲ್ಲ ಅಭ್ಯರ್ಥಿಗಳೂ ತಮಗೆ ಮುಖ್ಯವೆನಿಸಿದ ಐದು ಪ್ರಬಂಧಗಳನ್ನು ಆರಿಸಿ, ಪ್ರತಿಯೊಂದರಲ್ಲೂ ತಮ್ಮ ಕೈಯಿಂದ ಆದದ್ದೇನೆಂದು ಒಂದು ಪುಟದೊಳಗೆ ಬರೆಯಬೇಕು; ಸಾಮೂಹಿಕ ಪ್ರಬಂಧವಿದ್ದರೆ ಆ ಪ್ರಯೋಗದ ಜವಾಬ್ದಾರಿ ಸ್ಥಾನದಲ್ಲಿದ್ದ ಒಬ್ಬರು ಅದನ್ನು ಪತ್ರದಲ್ಲಿ ದೃಢಪಡಿಸಬೇಕು; ಪ್ರತಿ ಪ್ರಬಂಧವನ್ನೂ ಸಮಿತಿಯ ಇಬ್ಬರು, ಅದರಲ್ಲಿ ಒಬ್ಬರು ಇನ್ನೊಂದು ಕ್ಷೇತ್ರದವರು, ಓದಬೇಕು. ಕೊನೆಯ ಷರತ್ತಿಗೆ ವಿರೋಧವಿತ್ತು. ಭೌತವಿಜ್ಞಾನಿ ಚಿಕಿತ್ಸಾ ಪ್ರಬಂಧ ಓದಿ ಮಾಡುವುದೇನು ಎಂಬ ಪ್ರಶ್ನೆ ಸಹಜವೇ. ಆದರೆ ಹುದ್ದೆಯೇ ಎರಡೂ ಕಡೆಯವರಿಗೆ ಅರ್ಥವಾಗುವಂತೆ ಕೆಲಸ ಮಾಡಬಲ್ಲವರಿಗೆಂದು ಇದ್ದಾಗ, ಆ ಪರೀಕ್ಷೆಯನ್ನು ಇಲ್ಲೇ ಆರಂಭಿಸುವುದು ನ್ಯಾಯವೆಂದು ನನಗೆ ಕಂಡಿತು.

ಅಭ್ಯರ್ಥಿಯ ಆಯ್ಕೆ ಅನಿರೀಕ್ಷಿತವಾಗಿತ್ತು. ಅತಿ ಹೆಚ್ಚು ಉಲ್ಲೇಖಗೊಂಡ ಕೊಲೈಡರ್ ಪ್ರಬಂಧಗಳಲ್ಲಿ ಒಂದೂ ಅಲ್ಲಿರಲಿಲ್ಲ. ಪ್ರಯೋಗದಿಂದ ಆರಿಸಿದ್ದು ಒಂದೇ ಒಂದು, ಹರಳು ಶೋಧಕದ ಕಾರ್ಯಕ್ಷಮತೆಯ ಬಗೆಗಿನ ತಾಂತ್ರಿಕ ಪ್ರಬಂಧ. ಕ್ಯಾಲಿಬ್ರೇಷನ್ ಭಾಗವನ್ನು ಬರೆದವರು ಅವರೇ ಎಂದು ಆಗಿನ ಸಂಯೋಜಕರ ಪತ್ರ ಹೇಳುತ್ತಿತ್ತು. ಪ್ರಯೋಗದ ಒಳಗಷ್ಟೇ ಓಡಾಡುವ ಟಿಪ್ಪಣಿಗಳಲ್ಲಿ ಅವರ ಹೆಸರು ಮೊದಲಿದ್ದುದನ್ನೂ ಅದು ನಮೂದಿಸಿತ್ತು. ಅಂಥ ಟಿಪ್ಪಣಿಗಳು ಯಾವ ದತ್ತಸಂಚಯಕ್ಕೂ ಸಿಗುವುದಿಲ್ಲ. ಕಣ ಭೌತಶಾಸ್ತ್ರದ ನಿಜವಾದ ಲೇಖಕತ್ವ ಬಹುಪಾಲು ಅಲ್ಲೇ ದಾಖಲಾಗುತ್ತದೆ ಎಂಬುದು ವೈದ್ಯ ಸದಸ್ಯರಿಗೆ ಆವರೆಗೆ ತಿಳಿದಿರಲಿಲ್ಲ.

ಐದನೆಯ ಪ್ರಬಂಧ ಅತಿ ಕಡಿಮೆ ಉಲ್ಲೇಖಗೊಂಡದ್ದು. ಪೆಟ್ ಅಳತೆಯಿಂದ ಪ್ರೋಟಾನ್ ಪುಂಜದ ವ್ಯಾಪ್ತಿಯನ್ನು, ಅಂದರೆ ಅದು ಹೋಗಿ ನಿಲ್ಲುವ ಆಳವನ್ನು, ಪರಿಶೀಲಿಸುವಾಗ, ರಕ್ತಪ್ರವಾಹ ಐಸೊಟೋಪುಗಳನ್ನು ಹುಟ್ಟಿದ ಜಾಗದಿಂದ ಕೊಚ್ಚಿಕೊಂಡು ಹೋಗುವುದರಿಂದ ಆಗುವ ತಪ್ಪನ್ನು ಅಂದಾಜಿಸುವ ವಿಧಾನ ಅದರಲ್ಲಿತ್ತು. ಚಿಕಿತ್ಸೆಯ ಯೋಜನೆ ಹಾಕುವವರು ವ್ಯಾಪ್ತಿಯ ಅನಿಶ್ಚಿತತೆಗೆಂದು ಗಡ್ಡೆಯ ಆಚೆಗೂ ಒಂದಿಷ್ಟು ಅಂಚು ಬಿಡುತ್ತಾರೆ, ವ್ಯಾಪ್ತಿಯ ಶೇ. 3.5ರಷ್ಟು, ಅದರ ಮೇಲೆ ಕೆಲವು ಮಿಲಿಮೀಟರ್ ಬಿಡುವುದು ಸಾಮಾನ್ಯ. ಆ ಅಂಚಿನೊಳಗೆ ಬೀಳುವ ಆರೋಗ್ಯವಂತ ಅಂಗಾಂಶವೂ ವಿಕಿರಣ ಉಣ್ಣುತ್ತದೆ. ಪ್ರಬಂಧವನ್ನು ಓದಿದ ವಿಕಿರಣ ಚಿಕಿತ್ಸಾ ತಜ್ಞೆ, ಪಕ್ಕದ ಕೇಂದ್ರವೊಂದರ ಆಂತರಿಕ ಕಾರ್ಯವಿಧಾನ ಇದೇ ತಿದ್ದುಪಡಿಯನ್ನು ಅನುಸರಿಸುತ್ತದೆಂದು ಗುರುತಿಸಿದರು. ಆಸ್ಪತ್ರೆಯ ಕಾರ್ಯವಿಧಾನದ ಕಡತಗಳು ಯಾವ ಉಲ್ಲೇಖ ಸೂಚಿಗೂ ಸೇರುವುದಿಲ್ಲವಾದ್ದರಿಂದ ಈ ಬಳಕೆ ನನ್ನ ವರದಿಯಲ್ಲಿ ಕಾಣುವ ಸಾಧ್ಯತೆಯೇ ಇರಲಿಲ್ಲ.

ಉಲ್ಲೇಖಗಳ ಮೌನಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ಭೌತಶಾಸ್ತ್ರದ ಸದಸ್ಯರು ಆ ಸಭೆಯಲ್ಲಿ ನೆನಪಿಸಿದರು. ಕೇಪ್ ಟೌನ್‌ನ ಆಸ್ಪತ್ರೆಯೊಂದರಲ್ಲಿ ಅರೆಕಾಲಿಕ ಭೌತವಿಜ್ಞಾನಿಯಾಗಿ ದುಡಿದಿದ್ದ ಅಲನ್ ಕೊರ್ಮ್ಯಾಕ್, ಎಕ್ಸ್-ರೇ ಅಳತೆಗಳಿಂದ ದೇಹದ ಅಡ್ಡಕೊಯ್ತದ ಚಿತ್ರವನ್ನು ಲೆಕ್ಕಹಾಕಿ ಪಡೆಯುವ ಗಣಿತವನ್ನು 1963 ಮತ್ತು 1964ರಲ್ಲಿ ಅನ್ವಯಿಕ ಭೌತಶಾಸ್ತ್ರದ ಜರ್ನಲ್‌ನಲ್ಲಿ ಪ್ರಕಟಿಸಿದರು. ಪ್ರತಿಕ್ರಿಯೆ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಪ್ರತಿ ಕೇಳಿ ಬಂದ ಕೋರಿಕೆಗಳಲ್ಲಿ ಸ್ವಾರಸ್ಯಕರವಾದದ್ದು ಸ್ವಿಟ್ಜರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರದ್ದು ಎಂದು ಮುಂದೆ ನೊಬೆಲ್ ಉಪನ್ಯಾಸದಲ್ಲಿ ಅವರೇ ಹೇಳಿಕೊಂಡರು. 1979ರಲ್ಲಿ, ಸಿಟಿ ಸ್ಕ್ಯಾನರ್ ರೂಪಿಸಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಜೊತೆ ಅವರಿಗೆ ಸಿಕ್ಕ ಆ ಬಹುಮಾನ ವೈದ್ಯಕೀಯದ್ದು. 1965ರಲ್ಲಿ ಯಾವ ಸಮಿತಿಯಾದರೂ ಅವರ ಉಲ್ಲೇಖ ಪ್ರಭಾವವನ್ನು ಲೆಕ್ಕಹಾಕಿದ್ದರೆ ಏನು ಬರುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಈ ಉದಾಹರಣೆಯನ್ನು ಜಾಗ್ರತೆಯಿಂದ ಬಳಸಬೇಕೆಂಬುದೂ ನಿಜ: ಉಲ್ಲೇಖವಾಗದ ಪ್ರಬಂಧಗಳಲ್ಲಿ ಹೆಚ್ಚಿನವು ಉಲ್ಲೇಖವಾಗದಿರುವುದಕ್ಕೆ ಅರ್ಹವೇ.

ಓದು ಅಭ್ಯರ್ಥಿಗೆ ಅನುಕೂಲಕರವಾದದ್ದನ್ನಷ್ಟೇ ಹೊರತೆಗೆಯಲಿಲ್ಲ. ವೈದ್ಯಕೀಯ ಪಟ್ಟಿಯಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡದ್ದು ಹೊಸ ಸಂಶೋಧನೆಯಲ್ಲ, ಈಗಾಗಲೇ ಪ್ರಕಟವಾದ ಕೆಲಸವನ್ನು ಒಟ್ಟುಗೂಡಿಸಿ ಹೇಳುವ ಒಂದು ಸಮೀಕ್ಷಾ ಲೇಖನ. 19ರ ಸೂಚ್ಯಂಕಕ್ಕೆ ಇಂಥ ಲೇಖನಗಳ ಕೊಡುಗೆ ಸಾಕಷ್ಟಿತ್ತು. ಇನ್ನೊಂದು ಪ್ರಬಂಧದಲ್ಲಿ ರೋಗಿಗಳ ಸಂಖ್ಯೆ ತೀರ ಕಡಿಮೆಯಿದ್ದರೂ ತೀರ್ಮಾನ ಮಾತ್ರ ಧಾರಾಳವಾಗಿದೆ ಎಂದು ಭೌತವಿಜ್ಞಾನಿಯೇ ಗುರುತಿಸಿದರು. ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂತು, ಅಭ್ಯರ್ಥಿಯ ಉತ್ತರ ಸಮಾಧಾನಕರವಾಗಿರಲಿಲ್ಲ. ಅದೇ ವಿಧಾನವನ್ನು ಇತರ ಅಭ್ಯರ್ಥಿಗಳಿಗೂ ಅನ್ವಯಿಸಿದಾಗ, ನೂರಕ್ಕೂ ಹೆಚ್ಚು ಪ್ರಬಂಧಗಳಲ್ಲಿ ಕೊನೆಯ ಲೇಖಕರಾಗಿದ್ದ ಚಿಕಿತ್ಸಕರೊಬ್ಬರು, ತಾವೇ ಆರಿಸಿದ ಐದರಲ್ಲಿ ಎರಡಕ್ಕೆ ವಿಭಾಗದ ಮುಖ್ಯಸ್ಥರಾಗಿ ನೀಡಿದ ಮಾರ್ಗದರ್ಶನ ಎಂಬುದಕ್ಕಿಂತ ಹೆಚ್ಚೇನನ್ನೂ ಬರೆಯಲಾಗಲಿಲ್ಲ. ಅಕಾರಾದಿ ಪಟ್ಟಿಯನ್ನು ಕಂಡು ನಕ್ಕಿದ್ದ ವೈದ್ಯಕೀಯ ಸದಸ್ಯರು ಆ ಪುಟವನ್ನು ಓದಿದ ಮೇಲೆ ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಫಲಿತಾಂಶ ಮತ್ತು ಅದರಾಚೆ

ಬಹುಮತದಿಂದ ಹುದ್ದೆ ನಮ್ಮ ಅಭ್ಯರ್ಥಿಗೇ ಹೋಯಿತು. ಒಬ್ಬ ಸದಸ್ಯರು ಲಿಖಿತ ಭಿನ್ನಮತ ದಾಖಲಿಸಿದರು. ಅವರ ವಾದವನ್ನು ತಳ್ಳಿಹಾಕುವಂತಿಲ್ಲ: ಸಂಖ್ಯೆಗಳು ಕುರುಡೇ ಇರಬಹುದು, ಆದರೆ ಎಲ್ಲರಿಗೂ ಒಂದೇ ಥರ ಕುರುಡು, ಪರಿಚಯದವರ ಪತ್ರ ಮತ್ತು ಸ್ವಂತ ಹೇಳಿಕೆಯ ಮೇಲೆ ನಿಂತ ಮೌಲ್ಯಮಾಪನದಲ್ಲಿ ಚೆನ್ನಾಗಿ ಬರೆಯಬಲ್ಲವರು, ಬಲವಾದ ಗುಂಪಿನಿಂದ ಬಂದವರು ಗೆಲ್ಲುತ್ತಾರೆ. ಈ ಆಕ್ಷೇಪಕ್ಕೆ ಸಮಿತಿ ಕೊಟ್ಟ ಉತ್ತರ ಅರ್ಧದ್ದು ಮಾತ್ರ. ಪತ್ರ ಬರೆಯುವವರನ್ನು ಇನ್ನು ಮುಂದೆ ಅಭ್ಯರ್ಥಿ ಸೂಚಿಸಿದ ಪಟ್ಟಿಯಿಂದಲ್ಲದೆ, ಪ್ರಯೋಗದ ಪ್ರಕಟಣಾ ಮಂಡಳಿಯ ಮೂಲಕ ಗೊತ್ತುಮಾಡಬೇಕೆಂದು ಅದು ಶಿಫಾರಸು ಮಾಡಿತು. ನನ್ನ ದೃಷ್ಟಿಯಲ್ಲಿ, ಸಂಖ್ಯೆಗಳು ಇಲ್ಲಿ ಮಾಡಿದ ನಿಜವಾದ ಉಪಕಾರ ಬೇರೆಯೇ ಇತ್ತು: 120 ಮತ್ತು 19ರ ನಡುವಿನ ಅಂತರವೇ ಸಮಿತಿಯನ್ನು ಪ್ರಬಂಧಗಳ ಕಡೆಗೆ ತಳ್ಳಿತು. ಸೂಚ್ಯಂಕ ಎರಡೂ ಕಡೆ 40 ಎಂದು ಬಂದಿದ್ದರೆ ಯಾರೂ ಏನನ್ನೂ ಓದುತ್ತಿರಲಿಲ್ಲ.

ಅರ್ಜಿ ನಮೂನೆಯಿಂದ ಇಂಪ್ಯಾಕ್ಟ್ ಫ್ಯಾಕ್ಟರ್ ಅಂಕಣವನ್ನು ತೆಗೆದು, ಸಾಮೂಹಿಕ ಪ್ರಬಂಧಗಳಿಗೂ ಉಳಿದವುಗಳಿಗೂ ಪ್ರತ್ಯೇಕ ಪಟ್ಟಿ ಕೇಳಲಾಯಿತು. ಪ್ರತಿ ಲೇಖಕರ ಕೊಡುಗೆಯನ್ನು 14 ಪಾತ್ರಗಳಾಗಿ ವಿಂಗಡಿಸುವ ಕ್ರೆಡಿಟ್ ವರ್ಗೀಕರಣವನ್ನೂ ಸೇರಿಸಲಾಯಿತು. ಅದರ ಫಲ ಮಿಶ್ರ; ಮುಂದಿನ ನೇಮಕಾತಿಯಲ್ಲಿ ಕೆಲವರು ಎಲ್ಲ ಪ್ರಬಂಧಗಳಿಗೂ ಎಲ್ಲ 14 ಪಾತ್ರಗಳಿಗೂ ಗುರುತು ಹಾಕಿ ಕಳುಹಿಸಿದರು. ಸಹಯೋಗಿಗಳ ಪಟ್ಟಿಯಲ್ಲಿ ಮಾತ್ರ ಹೆಸರಿರುವ ಚಿಕಿತ್ಸಾ ಪ್ರಯೋಗಗಳನ್ನು ಎಲ್ಲಿ ತೋರಿಸಬೇಕೆಂಬುದು ಹೊಸ ನಮೂನೆಯಲ್ಲೂ ಸ್ಪಷ್ಟವಾಗಿಲ್ಲ.

ಅಭ್ಯರ್ಥಿ ಹುದ್ದೆಗೆ ಸೇರುವಾಗ ಕೊಲೈಡರ್ ಪ್ರಯೋಗದಲ್ಲಿ ಉಳಿಸಿಕೊಂಡಿದ್ದ ಸಣ್ಣ ಪಾಲನ್ನೂ ಬಿಟ್ಟುಕೊಟ್ಟರು. ಆದರೂ ನಿಯಮದಂತೆ ಅವರ ಹೆಸರು ಲೇಖಕರ ಪಟ್ಟಿಯಲ್ಲಿ ಇನ್ನೂ ಕೆಲಕಾಲ ಮುಂದುವರಿಯಿತು, ಮೊದಲ ವರ್ಷದ ಕಾರ್ಯವರದಿಯ ಹೊತ್ತಿಗೆ ಅವರ ಖಾತೆಗೆ ಹತ್ತಾರು ಹೊಸ ಪ್ರಬಂಧಗಳು ಸೇರಿದ್ದವು. ಅವನ್ನು ಬಿಡಿಬಿಡಿಯಾಗಿ ನಮೂದಿಸಿದರೆ ಇಡೀ ವೈದ್ಯಕೀಯ ಕಾಲೇಜಿನ ವಾರ್ಷಿಕ ಸರಾಸರಿಯೇ ಏರುತ್ತದೆಂದು ಯೋಜನಾ ಕಚೇರಿ ಉತ್ಸಾಹ ತೋರಿತು. ಅಭ್ಯರ್ಥಿ ಅವನ್ನೆಲ್ಲ ಸೇರಿಸಿ ಒಂದೇ ಸಾಲಿನಲ್ಲಿ ಬರೆದುಕೊಟ್ಟರು: ಪ್ರಯೋಗದ ಹೆಸರು, ತಾವು ಅದರಲ್ಲಿದ್ದ ಅವಧಿ, ತಾವು ಮಾಡಿದ ಕೆಲಸ.